ಕಾಸ್‌ವೇ ಆಚೆಗೊಂದು ಮನೆ

ಮಾವನವರು ಮೈಸೂರಿನಲ್ಲಿ ತೀರಿಕೊಂಡಾಗ ಸಿಂಗಾಪುರದಿಂದ ವಿಮಾನಗಳು ಹೋಗುತ್ತಿರಲಿಲ್ಲ. ಕೊರೊನಾದ ಮೊದಲ ವರ್ಷ ಅದು. ನನ್ನ ಗಂಡ ತಮ್ಮ ತಂದೆಯ ಅಂತ್ಯಕ್ರಿಯೆಯನ್ನು ಹಾಲ್‌ನ ಸೋಫಾದಲ್ಲಿ ಕೂತು ಫೋನಿನಲ್ಲಿ ನೋಡಿದರು. ನಡುವೆ ಸಿಗ್ನಲ್ ಹೋಯಿತು. ಮತ್ತೆ ಬರುವ ಹೊತ್ತಿಗೆ ಎಲ್ಲ ಮುಗಿದು ಜನ ಚದುರುತ್ತಿದ್ದರು. ಅವರು ಅಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಡಬ್ಬದಲ್ಲಿ ಅಕ್ಕಿ ಎಷ್ಟಿದೆ ಎಂದು ನೋಡಿದರು.

ಶುರುವಾದದ್ದು ಅಲ್ಲಿಂದ. ಇಲ್ಲಿನ ಎಷ್ಟೋ ಮನೆಗಳಲ್ಲಿರುವಂತೆ ನಮ್ಮ ಕಾಂಡೋ ಫ್ಲ್ಯಾಟಿನಲ್ಲೂ ದಪ್ಪ ಕಬ್ಬಿಣದ ಬಾಗಿಲಿನ ಬಾಂಬ್ ಶೆಲ್ಟರ್ ಇದೆ. ಎಲ್ಲರ ಹಾಗೆ ನಾವೂ ಅದರಲ್ಲಿ ಸೂಟ್‌ಕೇಸು, ಇಸ್ತ್ರಿ ಮೇಜು ತುಂಬಿಟ್ಟಿದ್ದೆವು. ಅವರು ಅದನ್ನೆಲ್ಲ ಹೊರಗೆ ಹಾಕಿ ಅಕ್ಕಿ, ಬೇಳೆ, ನೀರಿನ ಕ್ಯಾನುಗಳನ್ನು ಜೋಡಿಸಿದರು. ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ.

"ಈ ಊರಿಗೆ ನೀರು ಹೊರಗಿಂದ ಬರುತ್ತೆ, ಗ್ಯಾಸ್ ಹೊರಗಿಂದ ಬರುತ್ತೆ, ಕೊತ್ತಂಬರಿ ಸೊಪ್ಪೂ ಹೊರಗಿಂದಾನೇ. ಒಂದು ದಿನ ಎಲ್ಲ ನಿಂತ್ಹೋದ್ರೆ ಏನ್ ಮಾಡ್ತೀಯಾ?" ಎಂದು ಕೇಳುತ್ತಿದ್ದರು.

ಗಡಿ ತೆರೆದ ಮೇಲೆ ಜಾಗ ಹುಡುಕತೊಡಗಿದೆವು. ಸಿಂಗಾಪುರದಲ್ಲಿ ನಮ್ಮಂಥವರು ಜಮೀನಿನ ಮಾತೆತ್ತುವ ಹಾಗೇ ಇಲ್ಲ. ಫೆರ್ರಿ ಹತ್ತಿ ಇಂಡೋನೇಷ್ಯಾದ ಬಾತಾಮ್ ದ್ವೀಪಕ್ಕೆ ಹೋಗಿ ಬಂದೆವು. ನಡುವೆ ಸಮುದ್ರ ಇರಬಾರದು ಎಂದು ಅದನ್ನು ಬಿಟ್ಟರು. ಉಳಿದದ್ದು ಕಾಸ್‌ವೇ ಎಂಬ ಸೇತುರಸ್ತೆ ದಾಟಿದರೆ ಸಿಗುವ ಮಲೇಷ್ಯಾದ ಜೊಹೊರ್.

"ಕೊರೊನಾದಲ್ಲಿ ಆ ಕಾಸ್‌ವೇನೇ ಮುಚ್ಚಿದ್ರಲ್ಲ, ಮರೆತ್ರಾ?" ಎಂದೆ.

"ಅದಕ್ಕೇ ಮುಚ್ಚೋಕೆ ಮುಂಚೆ ಹೊರಟುಬಿಡ್ಬೇಕು. ಎಲ್ಲರಿಗಿಂತ ಮೊದಲು ಹೊರಡೋದೇ ಪ್ಲಾನ್."

ಶನಿವಾರಗಳೆಲ್ಲ ಅದಕ್ಕೇ ಮೀಸಲಾದವು. ಅವರ ಷರತ್ತುಗಳು ಹಲವು. ಬೇಸಿಗೆಯಲ್ಲೂ ಹರಿಯುವ ತೊರೆ ಬೇಕು, ಆದರೆ ಅದು ಉಕ್ಕಿದರೂ ಮುಟ್ಟದಷ್ಟು ಎತ್ತರದಲ್ಲಿ ಮನೆ ಇರಬೇಕು. ದೊಡ್ಡ ರಸ್ತೆಯಿಂದ ಸೂರು ಕಾಣಬಾರದು. ಹಳ್ಳಿ ತೀರಾ ಹತ್ತಿರವೂ ಇರಬಾರದು, ತೀರಾ ದೂರವೂ ಇರಬಾರದು. ಎಣ್ಣೆ ತಾಳೆಯ ತೋಟಗಳ ನಡುವೆ ಕೆಮ್ಮಣ್ಣಿನ ದಾರಿಗಳಲ್ಲಿ ಕಾರು ಓಡಿಸುತ್ತ ಎಷ್ಟು ಅಲೆದೆವೋ. ಆ ಅಲೆದಾಟ ನನಗೂ ಹಿಡಿಸಿತ್ತು. ಬುತ್ತಿಯಲ್ಲಿ ಚಿತ್ರಾನ್ನ, ಹಿಂದಿನ ಸೀಟಿನಲ್ಲಿ ಹಾಡು ಕೇಳುವ ಮಗಳು, ಮದುವೆಯಾದ ಹೊಸತರಲ್ಲಿದ್ದಂತೆ ಮಾತಾಡುವ ಗಂಡ. ಕೊನೆಗೆ ದುರಿಯನ್ ಹಣ್ಣಿನ ಮರಗಳಿದ್ದ ಒಂದು ಹಳೆಯ ತೋಟ ಸಿಕ್ಕಿತು. ಪಟ್ಟಣದಲ್ಲಿದ್ದ ಒಡತಿ, ವಯಸ್ಸಾದ ಚೀನೀ ಆಂಟಿ, ಅದನ್ನು ಗುತ್ತಿಗೆಗೆ ಕೊಟ್ಟರು.

ನನ್ನ ಗಂಡ ಸಿಂಗಾಪುರದ ಉಬಿ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಸೋಲಾರ್ ಪ್ಯಾನೆಲ್‌ಗಳ ಸ್ಟ್ಯಾಂಡುಗಳನ್ನು ಅಲ್ಲೇ ಮಾಡಿಸಿ ಲಾರಿಯಲ್ಲಿ ಸಾಗಿಸಿದರು. ಕಂಬಗಳ ಮೇಲೆ ಮರದ ಮನೆ ಎದ್ದಿತು. ಮಳೆನೀರಿಗೆ ತೊಟ್ಟಿ, ತೊರೆಯ ನೀರಿಗೆ ಮರಳು ಮತ್ತು ಇದ್ದಿಲಿನ ಫಿಲ್ಟರು, ನೀರೇ ಬೇಡದ ಪಾಯಿಖಾನೆ, ಕೋಣೆಯ ಗೋಡೆಯುದ್ದಕ್ಕೂ ಬ್ಯಾಟರಿಗಳು. ಅಡುಗೆಕಟ್ಟೆಯ ಟೈಲ್ಸನ್ನು ನಾನು ಆರಿಸಿದೆ. ಲಿಟಲ್ ಇಂಡಿಯಾದಿಂದ ತೊಂಡೆಬಳ್ಳಿ, ಕರಿಬೇವಿನ ಸಸಿ ಒಯ್ದು ನೆಟ್ಟೆ. ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿದ್ದ ಅವರ ಸ್ನೇಹಿತರೊಬ್ಬರು ಪಾಲುದಾರರಾಗಿ ಸೇರಿಕೊಂಡರು.

ನನ್ನ ಅಮ್ಮನ ವಿಷಯ ಹೇಳಬೇಕು. ಮೈಸೂರಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇದ್ದರು. ಮನೆ ಕಟ್ಟಲು ಶುರುಮಾಡುವ ಮುಂಚೆಯೇ ಅವರ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಎದುರಿನ ಬ್ಲಾಕಿನ ವಾಯ್ಡ್ ಡೆಕ್‌ನಲ್ಲೇ, ಅಂದರೆ ಕಂಬಗಳಷ್ಟೇ ಇರುವ ನೆಲಮಹಡಿಯ ಒಂದು ಪಕ್ಕದಲ್ಲೇ, ಸೆಂಟರ್ ಇತ್ತು. "ಲ್ಯಾಬ್‌ಗೆ ಹೋಗಿ ಬರ್ತೀನಿ" ಎಂದು ಹೊರಡುವರು. ಅಲ್ಲಿನ ಚೀನೀ, ಮಲಯ್ ಹೆಂಗಸರ ಜೊತೆ ಅರ್ಧ ಕೈಸನ್ನೆಯಲ್ಲಿ ಹರಟಿ ಬರುವರು.

ಹಾಲು ಉಕ್ಕಿಸುವ ದಿನ, ಡಯಾಲಿಸಿಸ್ ಇಲ್ಲದ ಒಂದು ಭಾನುವಾರ, ಅಮ್ಮನನ್ನೂ ಕರೆದೊಯ್ದೆವು. ಅವರು ಕೋಲು ಊರಿಕೊಂಡು ಇಡೀ ಮನೆ ಸುತ್ತಿದರು. ಫಿಲ್ಟರಿನ ಮುಂದೆ ಬಹಳ ಹೊತ್ತು ನಿಂತರು.

"ಮರಳು ಚೆನ್ನಾಗಿ ತೊಳೆದು ಹಾಕಿದೀರಿ," ಎಂದು ಅಳಿಯನಿಗೆ ಹೇಳಿದರು. "ಆದ್ರೆ ನನ್ನ ಮೆಷಿನ್‌ಗೆ ಈ ನೀರು ಆಗಲ್ಲ ಅಲ್ವಾ? ಅದಕ್ಕೆ ಒಂದೊಂದು ಸಲಕ್ಕೂ ಡ್ರಮ್ಮುಗಟ್ಟಲೆ ಬೇಕು, ಅದೂ ಇದಕ್ಕಿಂತ ಎಷ್ಟೋ ಶುದ್ಧ."

ಅಮ್ಮ ಕುತೂಹಲದಿಂದ ಕೇಳಿದ್ದರು, ಕ್ಲಾಸಿನಲ್ಲಿ ಕೇಳುವ ಹಾಗೆ. ನನ್ನ ಗಂಡ ಅಷ್ಟೇ ಸಹಜವಾಗಿ ಉತ್ತರ ಕೊಟ್ಟರು.

"ಇಲ್ಲ ಅತ್ತೆ. ಆ ಲೋಡನ್ನ ಈ ಬ್ಯಾಟರಿಗಳೂ ತಡೆಯಲ್ಲ. ನಾನು ಆಗ್ಲೇ ಕ್ಯಾಲ್ಕ್ಯುಲೇಟ್ ಮಾಡಿ ನೋಡಿದ್ದೆ."

ಪಕ್ಕದಲ್ಲಿದ್ದ ಬ್ಯಾಂಕಿನ ಸ್ನೇಹಿತರು ಸುಮ್ಮನಿರಬಹುದಿತ್ತು. "ಎಮರ್ಜೆನ್ಸಿ ಅಂದ್ಮೇಲೆ ಕೆಲವು ಡಿಸಿಷನ್ಸ್ ಕಷ್ಟವಾಗಿರುತ್ತೆ ಆಂಟಿ," ಎಂದರು.

ಅಮ್ಮ ಅವರನ್ನೊಮ್ಮೆ ನೋಡಿದರು. "ನಾನು ಸೆಂಟರ್‌ನಲ್ಲೇ ಇರ್ತೀನಿ ಬಿಡಿ. ಅಲ್ಲಿ ಕಂಪನಿ ಚೆನ್ನಾಗಿದೆ." ಹಾಗೆಂದು ಒಳಗೆ ಬಂದು ಒಂದು ಚಮಚ ಪಾಯಸ ತಿಂದು, ಏಲಕ್ಕಿ ಸ್ವಲ್ಪ ಜಾಸ್ತಿಯಾಯಿತು ಎಂದರು. ನಾನು ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದೆ. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಒಂದೇ ಮಾತು: ಆಗ್ಲೇ.

ಮನೆಗೆ ಬಂದು ಅಮ್ಮ ಮಲಗಿದ ಮೇಲೆ ಕೇಳಿದೆ. "ಯಾವಾಗ ಕ್ಯಾಲ್ಕ್ಯುಲೇಟ್ ಮಾಡಿದ್ರಿ?"

"ಡಿಸೈನ್ ಮಾಡೋವಾಗ್ಲೇ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಟೈಲ್ಸ್ ಸೆಲೆಕ್ಟ್ ಮಾಡೋಕೆ ಬರ್ತಿದ್ಯಾ?"

ಅವರು ಕೆಟ್ಟವರಲ್ಲ. ಅಮ್ಮನ ಸೆಂಟರಿನ ಬಿಲ್ಲು ಕಟ್ಟುವಾಗ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಮಳೆ ಬಂದರೆ ಛತ್ರಿ ಹಿಡಿದು ಕರೆತರುತ್ತಿದ್ದರು. ಅದಕ್ಕೇ ನನಗೆ ಎಲ್ಲಿ ಕೈ ಹಾಕಬೇಕೆಂದು ತಿಳಿಯಲಿಲ್ಲ. "ಏನ್ ಮಾಡ್ಬೇಕು ಹೇಳು," ಎಂದರು. "ಒಬ್ಬರನ್ನ ಉಳಿಸೋಕಾಗಲ್ಲ ಅಂತ ಎಲ್ಲರೂ ಸಾಯಬೇಕಾ?" ಅಂಥದೊಂದು ದಿನ ಬಂದೇ ಬಿಟ್ಟಿದೆ ಎನ್ನುವಂತಿತ್ತು ಅವರ ದನಿ. ಬಂದಿರಲಿಲ್ಲ. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದರು.

ಮಗಳು ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಕಾಣೆ. "ಹಾಗಾದ್ರೆ ಅಜ್ಜೀನ ಬಿಟ್ಟು ಅಮ್ಮಾನೂ ಬರಲ್ಲ, ಡ್ಯಾಡಿ," ಎಂದಳು. "ಇಷ್ಟು ಕ್ಯಾಲ್ಕ್ಯುಲೇಟ್ ಮಾಡಿದ್ರಿ, ಇದನ್ನ ಮಾಡ್ಲಿಲ್ವಾ?"

ಕೆಲವು ವಾರಗಳಾದ ಮೇಲೆ ಅಮ್ಮ ಮೈಸೂರಿಗೆ, ನನ್ನ ತಂಗಿಯ ಮನೆಗೆ ಹೋಗುತ್ತೇನೆಂದರು. ಅಲ್ಲೂ ಡಯಾಲಿಸಿಸ್ ಇದೆ, ತಂಗಿಯ ಮನೆಯಿಂದ ಆಟೋದಲ್ಲಿ ಹೋಗಿ ಬರಬಹುದು ಎಂದು ಆಗಲೇ ವಿಚಾರಿಸಿಕೊಂಡಿದ್ದರು. ನಾನು ಬೇಡಿಕೊಂಡೆ, ಜಗಳವಾಡಿದೆ.

"ಅವರ ಮೇಲೆ ನನಗೇನೂ ಕೋಪ ಇಲ್ಲ ಕಣೇ," ಎಂದರು ಅಮ್ಮ. "ಅವರ ಲೆಕ್ಕದಲ್ಲಿ ಒಂದೂ ತಪ್ಪಿಲ್ಲ, ನಾನೇ ಮಾಡಿದ್ರೂ ಅದೇ ಉತ್ತರ ಬರ್ತಿತ್ತು. ಆದ್ರೆ ದಿನಾ ಅವರೆದುರಿಗೆ ಊಟಕ್ಕೆ ಕೂತ್ಕೊಳ್ಳೋದು ನನ್ನಿಂದ ಆಗ್ತಿಲ್ಲ."

ಏರ್‌ಪೋರ್ಟಿಗೆ ಅವರನ್ನು ಬಿಡಲು ಬಂದವರು ನನ್ನ ಗಂಡನೇ. ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಹೋದರು, ಕಾಲಿಗೆ ನಮಸ್ಕಾರ ಮಾಡಿದರು. ಅಮ್ಮ ಅವರ ತಲೆ ಮುಟ್ಟಿ ಏನೋ ಹೇಳಿದರು. ಏನೆಂದು ನಾನು ಇಂದಿಗೂ ಕೇಳಿಲ್ಲ.

ಮುಂದಿನ ಆಷಾಢದಲ್ಲಿ ಅಮ್ಮ ಹೋದರು. ಸೋಂಕು ರಕ್ತಕ್ಕೆ ಏರಿತ್ತು. ನಾನು ತಲುಪಿದಾಗ ಮಾತು ನಿಂತಿತ್ತು, ಕೈ ಮಾತ್ರ ಬೆಚ್ಚಗಿತ್ತು. ಕಾರ್ಯವೆಲ್ಲ ಮುಗಿಸಿ ಹಿಂದಿರುಗಿದ ಮೇಲೆ ನನ್ನ ಗಂಡ ಹಲವು ದಿನ ನನ್ನನ್ನು ಮಗುವಿನಂತೆ ನೋಡಿಕೊಂಡರು. ತಾವೇ ಕಾಫಿ ಮಾಡಿಕೊಟ್ಟರು. ಆಮೇಲೊಂದು ಶುಕ್ರವಾರ ಸಂಜೆ ಹತ್ತಿರ ಕೂತು, ಮೆಲ್ಲಗೆ ಹೇಳಿದರು:

"ನಾಳೆ ತೋಟಕ್ಕೆ ಬಾ. ನಿನ್ನ ತೊಂಡೆಬಳ್ಳಿ ಚಪ್ಪರ ತುಂಬಿದೆ. ಈಗ ಆ ಪ್ರಾಬ್ಲಂ ಇಲ್ವಲ್ಲ."

ಸಮಾಧಾನ ಹೇಳಲೆಂದೇ ಆಡಿದ ಮಾತು ಅದು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಲೋಟ ತೆಗೆದುಕೊಂಡು ಹೋಗಿ ತೊಳೆದಿಟ್ಟೆ.

ಅಲ್ಲಿಗೆ ನಾನು ಮತ್ತೆ ಹೋಗಿಲ್ಲ. ಮಗಳು ಈಗ ಯೂನಿವರ್ಸಿಟಿ ಹಾಸ್ಟೆಲಿನಲ್ಲಿದ್ದಾಳೆ. ಬ್ಯಾಂಕಿನ ಸ್ನೇಹಿತರು ದುಬೈಗೆ ಶಿಫ್ಟ್ ಆದರು. ನನ್ನ ಗಂಡ ಶನಿವಾರ ಒಬ್ಬರೇ ಹೋಗಿ ಸೋರುವ ಸೂರು, ಕೋತಿ ಕಿತ್ತ ವೈರು ಸರಿಮಾಡಿ ಬರುತ್ತಾರೆ. ನಾವು ಜಗಳವಾಡುವುದಿಲ್ಲ. ಒಟ್ಟಿಗೆ ಊಟ ಮಾಡುತ್ತೇವೆ, ಸ್ನೇಹಿತರ ಮನೆಯ ಹಬ್ಬಗಳಿಗೆ ಹೋಗಿ ಫೋಟೋಗೆ ನಿಲ್ಲುತ್ತೇವೆ.

ಮೊನ್ನೆ ಟಿವಿಯಲ್ಲಿ ಎಲ್ಲಿಯದೋ ಯುದ್ಧದ ಸುದ್ದಿ ನೋಡುತ್ತಿದ್ದವರು, "ಹಾಗೇನಾದ್ರೂ ಆದ್ರೆ ನೀನೇನ್ ಮಾಡ್ತೀಯಾ?" ಎಂದು ಕೇಳಿದರು.

"ಇಲ್ಲೇ ಇರ್ತೀನಿ."

"ಅದು ಪ್ಲಾನ್ ಅಲ್ಲ."

"ಅಲ್ಲ," ಎಂದೆ. ಅವರು ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿಕೊಂಡರು.