ಜೋಮು ಹಿಡಿದ ಹೆಬ್ಬೆರಳು

ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇತ್ ಓಡಿಸುವವನು ನಾನು. ಕಬ್ಬಿಣದ ತುಂಡನ್ನು ತಿರುಗಿಸಿ, ಕಡೆದು, ನುಣುಪು ಮಾಡುವ ಕೆಲಸ. ಉಳಿದವರು ತುಂಡನ್ನು ಮೊದಲು ದಪ್ಪ ಅಳೆಯುವ ಮೈಕ್ರೋಮೀಟರಿಗೆ ಕೊಟ್ಟರೆ, ನಾನು ಮೊದಲು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರುತ್ತಿದ್ದೆ. ಕೂದಲೆಳೆಯಷ್ಟು ಉಬ್ಬಿದ್ದರೂ ಬೆರಳು ಹೇಳಿಬಿಡುತ್ತಿತ್ತು. ಅದರ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ವೈರಲ್ ಜ್ವರ ಬಂತು. ಐದು ದಿನಕ್ಕೆ ಜ್ವರ ಬಿಟ್ಟಿತು, ಬೆರಳ ತುದಿಗೆ ಹಿಡಿದ ಜೋಮು ಬಿಡಲಿಲ್ಲ. ಯಾರಿಗೂ ಹೇಳದೆ ಕೆಲಸಕ್ಕೆ ಹೋದೆ. ಹಳೇ ಅಭ್ಯಾಸದಂತೆ ಸವರಿ, ಸರಿಯಾಗಿದೆ ಎಂದುಕೊಂಡು, ಮೈಕ್ರೋಮೀಟರ್ ಮುಟ್ಟದೆಯೇ ಇಡೀ ದಿನದ ಮಾಲು ಕಳಿಸಿದೆ. ಅಷ್ಟೂ ವಾಪಸ್ ಬಂತು. ಆಗ ಜೋಮಿನ ವಿಷಯ ಹೇಳಲೇಬೇಕಾಯಿತು.

"ಕೈ ಸರಿಯಾದ್ಮೇಲೆ ಬಾ ಮಾರಾಯ, ಲೇತ್ ಎಲ್ಲೂ ಓಡಿಹೋಗಲ್ಲ" ಎಂದರು ಮಾಲೀಕರು. ಬೈದಿದ್ದರೇ ವಾಸಿಯಿತ್ತು.

ಶಿವಮೊಗ್ಗದ ನರರೋಗದ ಡಾಕ್ಟರು ಸೂಜಿ ಚುಚ್ಚಿ ನೋಡಿದರು. "ವೈರಸ್ ಹೋಗಿದೆ, ನರಕ್ಕೆ ಬಿದ್ದ ಪೆಟ್ಟು ಉಳಿದಿದೆ. ನಿಧಾನಕ್ಕೆ ಚಿಗುರುತ್ತೆ. ಪೂರ್ತಿ ಬರುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ" ಎಂದರು. ದಿನಾ ಕಣ್ಣು ಮುಚ್ಚಿ, ವಸ್ತುಗಳನ್ನು ಮುಟ್ಟಿಯೇ ಗುರುತು ಹಿಡಿಯಬೇಕಂತೆ.

ಭದ್ರಾವತಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಸಂಜೆ ಸಂಜೆ ಹೆಂಡತಿ ನನ್ನ ಕೈಗೆ ಲವಂಗ, ಗುಂಡಿ, ಹುಣಸೆಬೀಜ ಕೊಡುತ್ತಿದ್ದಳು. ಏನು ಕೊಟ್ಟರೂ ಬಟ್ಟೆ ಸುತ್ತಿ ಕೊಟ್ಟ ಹಾಗೆ. "ಇದೆಂಥ ಮಕ್ಕಳಾಟ" ಎಂದು ರೇಗುತ್ತಿದ್ದೆ. ನನ್ನ ಲೇತ್ ಮುಗಿಯಿತು ಎಂದು ಬಚ್ಚಲಲ್ಲಿ ಅತ್ತದ್ದೂ ಉಂಟು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ ಹೆಬ್ಬೆರಳಿನ ಕೆಳಗೆ ಏನೋ ತರಿತರಿಯಾಗಿ ಸಿಕ್ಕಿತು. ಅಡ್ಡಡ್ಡ ಗೀರು, ಒಂದರ ಪಕ್ಕ ಒಂದು.

"ಅರ ಕಣೇ! ಕಬ್ಬಿಣ ಉಜ್ಜೋ ಹಳೇ ಅರ!" ಎಂದು ಕೂಗಿದೆ.

"ಕಣ್ಣು ಬಿಡ್ರೀ" ಎಂದಳು.

ನಾನು ಹಿಡಿದಿದ್ದದ್ದು ಅವಳ ಹೆಬ್ಬೆರಳು. ಇಷ್ಟು ವರ್ಷ ತರಕಾರಿ ಹೆಚ್ಚಿ ಹೆಚ್ಚಿ ಬಿದ್ದ ಗೀರುಗಳು.

ಸತ್ತೇಹೋಯಿತು ಎಂದುಕೊಂಡಿದ್ದ ನರ ಮತ್ತೆ ಮಾತಾಡಿತ್ತು. ಅದೊಂದು ಬೆರಗು. ಕೂದಲೆಳೆಯ ಉಬ್ಬು ಹಿಡಿಯುತ್ತಿದ್ದ ನನ್ನ ಬೆರಳಿಗೆ ಈ ಗೀರುಗಳು ಒಂದು ದಿನವೂ ಸಿಕ್ಕಿರಲಿಲ್ಲವಲ್ಲ, ಅದು ಇನ್ನೂ ದೊಡ್ಡ ಬೆರಗು. ನಾಚಿಕೆಯಾಯಿತು. ಅವಳು ಮಾತ್ರ ನನ್ನ "ಅರ" ನೆನೆದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಈಗ ಮತ್ತೆ ಲೇತಿಗೆ ಹೋಗುತ್ತಿದ್ದೇನೆ. ಎರಡು ಬೆರಳಲ್ಲಿ ಜೋಮು ಇನ್ನೂ ಇದೆ. ಅದಕ್ಕೇ ಮೊದಲು ಮೈಕ್ರೋಮೀಟರ್, ಆಮೇಲೆ ಬೆರಳು. ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು ಕೈ ಚಾಚುತ್ತೇನೆ. ಲವಂಗ, ಗುಂಡಿ ಏನೂ ಬೇಡವೆಂದು ಅವಳಿಗೆ ಗೊತ್ತು.