ಸಮುದ್ರದ ಗೋಪುರಕ್ಕೆ ಚಪ್ಪಲಿ ಬಿಟ್ಟೋರು ಯಾರು?

ಮೇಲೆ ಗುಡೀನೂ ಇಲ್ಲ, ದೇವರೂ ಇಲ್ಲ, ಆದ್ರೂ ಕೆಳಗೆ ಚಪ್ಪಲಿ ಬಿಟ್ಟು ಹತ್ತಿದ್ದೀರಾ ಯಾವತ್ತಾದ್ರೂ? ಇಲ್ವಾ? ಹಂಗಾದ್ರೆ ನೀವು ನನಗಿಂತ ಬುದ್ಧಿವಂತರು, ಮುಂದಕ್ಕೆ ಓದಿ. ಮೊಮ್ಮಗಳು ಈಗ್ತಾನೆ ಫೋನಲ್ಲಿ ಟೈಪ್ ಮಾಡೋದು ಹೇಳ್ಕೊಟ್ಟಿದ್ದಾಳೆ. ಒಂದೇ ಬೆರಳಲ್ಲಿ ಕುಟ್ತಿದ್ದೀನಿ.

ಚಿಂತಾಮಣಿಗೆ ಕೊಟ್ಟಿರೋ ತಂಗಿ ಒಬ್ಬಳಿದ್ದಾಳೆ ನನಗೆ. ಯಾವ ಕಾಲದಲ್ಲೋ ಸಮುದ್ರದ ದಡದಲ್ಲಿರೋ ಗೋಪುರ ಹತ್ತಿ ಬಂದೋಳು, ಇನ್ನೂ ಕೆಳಗಿಳಿದಿಲ್ಲ. ಮದುವೆ ಮನೆ ಆಗ್ಲಿ, ನಾಮಕರಣ ಆಗ್ಲಿ, "ಪಾಪ ನಮ್ಮಕ್ಕ, ಶಿಡ್ಲಘಟ್ಟದ ಕೆರೆ ಬಿಟ್ರೆ ಬೇರೆ ನೀರೇ ನೋಡಿಲ್ಲ" ಅಂತಾಳೆ. ಸಾಯೋದ್ರೊಳಗೆ ಅದೇ ಗೋಪುರ ಹತ್ತಿ ಅವಳ ಬಾಯಿ ಮುಚ್ಚಿಸ್ಬೇಕು ಅಂತ ನನಗೆ ಹಠ.

ಈ ಸಲ ನಮ್ಮ ಬೀದಿ ಹೆಂಗಸರೆಲ್ಲ ಗಾಡಿ ಮಾಡ್ಕೊಂಡು ಹೊರಟ್ವಿ. ಚಿಕ್ಕಬಳ್ಳಾಪುರ ದಾಟೋದ್ರೊಳಗೆ ಚಕ್ಲಿ ಡಬ್ಬ ಖಾಲಿ.

ಗೋಪುರದ ಹತ್ರ ಹೋದ್ರೆ ಮೊದಲನೇ ಮೆಟ್ಟಿಲ ಪಕ್ಕ ಚಪ್ಪಲಿ ರಾಶಿ! ನಾನೂ ಬಿಟ್ಟೆ. ಟಿಕೆಟ್ ಹರಿಯೋನ್ನ ಕೇಳ್ದೆ, "ಮೇಲೆ ಯಾವ ದೇವರಪ್ಪಾ?"

"ದೇವರು ಎಂತದ್ದೂ ಇಲ್ಲ ಅಮ್ಮ. ಬಂದವರು ಸಮುದ್ರ ನೋಡ್ಲಿ ಅಂತ ಮೊದಲು ಇಲ್ಲೊಂದು ಮರದ ಅಟ್ಟಣಿಗೆ ಕಟ್ಟಿದ್ರು. ಒಂದು ಮಳೆಗಾಲದ ಗಾಳಿ ಅದನ್ನು ಹೊತ್ಕೊಂಡು ಹೋಯ್ತು. ಆಮೇಲೆ ಈ ಸಿಮೆಂಟಿನದ್ದು. ಲಿಫ್ಟಿಗೆ ಅಂತ ಜಾಗ ಬಿಟ್ರು, ಅದ್ರಲ್ಲಿ ಈಗ ಪೊರಕೆ ಇಡ್ತೇವೆ."

"ಮತ್ತೆ ಚಪ್ಪಲಿ?"

"ಅದೊಂದು ಕಥೆ ಮಾರಾಯ್ರೆ! ನಿಮ್ಮ ಹಾಗೇ ಮಾತಾಡೋ ಹೆಂಗಸು ಒಬ್ರು ಬಂದಿದ್ರು, ಮಧ್ಯೆ ಮಧ್ಯೆ ತೆಲುಗು. ಚಪ್ಪಲಿ ಬಿಟ್ಟು ಹೊರಟ್ರು. ಹಾಕ್ಕೊಳ್ಳಿ ಅಂದ್ರೆ, 'ಹಾಕ್ಕೊಂಡು ಹತ್ತಿದ್ರೆ ಹುಳಕ್ಕೆ ರೋಗ ಬರುತ್ತೆ' ಅಂತ ನನಗೇ ಬೈದ್ರು. ಅವರನ್ನ ನೋಡಿ ಹಿಂದಿನವರು ಬಿಟ್ರು, ಅವರ ಹಿಂದಿನವರೂ ಬಿಟ್ರು. ಅವತ್ತಿಂದ ನಿಂತೇ ಇಲ್ಲ. ಆ ಹುಳ ಎಲ್ಲುಂಟು ಅಂತ ನಾನಿನ್ನೂ ಹುಡುಕ್ತಾ ಇದ್ದೇನೆ."

ನಮ್ಮ ತವರಲ್ಲಿ ರೇಷ್ಮೆ ಹುಳ ಸಾಕ್ತಿದ್ದಿದ್ದು ಅಟ್ಟದ ಮೇಲೆ. ಚಪ್ಪಲಿ ಬಿಡದೆ ಮೆಟ್ಟಿಲಿಗೆ ಕಾಲಿಟ್ರೆ ನಮ್ಮಮ್ಮ ಹಿಪ್ಪುನೇರಳೆ ಕಡ್ಡಿ ತಗೊಂಡು ಅಟ್ಟಿಸ್ಕೊಂಡು ಬರೋರು. ಇವತ್ತಿಗೂ ಬ್ಯಾಂಕಿನ ಮಹಡಿ ಹತ್ತೋವಾಗ ನನ್ನ ಕಾಲು ತಾನಾಗೇ ಚಪ್ಪಲಿಯಿಂದ ಆಚೆ ಬರುತ್ತೆ. ಆ ಹೆಂಗಸು ನನ್ನ ತಂಗಿ ಅಲ್ದೆ ಇನ್ಯಾರು?

ಇಷ್ಟು ಗೊತ್ತಾದ್ಮೇಲೂ ಚಪ್ಪಲಿ ಹಾಕ್ಕೊಳ್ಳೋಕೆ ಕಾಲು ಕೇಳ್ಲಿಲ್ಲ, ಸುಡೋ ಮೆಟ್ಟಿಲ ಮೇಲೆ ಕೋಳಿ ಥರ ಕುಣ್ಕೊಂಡು ಹತ್ತಿದೆ. ಸಮುದ್ರ ಚೆನ್ನಾಗೇ ಇತ್ತು, ಆಚೆ ದಡಾನ ಯಾರೋ ಕದ್ಕೊಂಡು ಹೋದಂಗೆ. ತಕ್ಷಣ ತಂಗಿಗೆ ವಿಡಿಯೋ ಕಾಲ್ ಮಾಡ್ದೆ.

"ನೋಡೇ, ಎಲ್ಲಿದ್ದೀನಿ ನೋಡು! ಇನ್ಮೇಲೆ ಬಾಯಿ ಮುಚ್ಕೊಂಡಿರು."

ಅವಳು ಸಮುದ್ರದ ಕಡೆ ತಿರುಗೂ ನೋಡ್ಲಿಲ್ಲ. "ಅಲ್ಲಿ ಜನ ಇನ್ನೂ ಕೆಳಗೆ ಚಪ್ಪಲಿ ಬಿಡ್ತಾರಾ ಅಕ್ಕ?"

"ಬಿಡ್ತಾರೆ, ಮಂಕುದಿಣ್ಣೆಗಳು."

"ನಿನ್ನ ಕಾಲು ತೋರ್ಸು."

ನಾನು ಫೋನನ್ನ ಇನ್ನೂ ಎತ್ತರಕ್ಕೆ ಹಿಡಿದೆ. ನಮ್ಮ ಪಕ್ಕದ ಮನೆಯೋಳು ಇದ್ದಾಳಲ್ಲ, ಕಿತ್ಕೊಂಡು ನನ್ನ ಬರಿಗಾಲು ತೋರಿಸೇಬಿಟ್ಲು.

ಚಿಂತಾಮಣೀಲಿ ಕೂತ್ಕೊಂಡು ಬಿದ್ದು ಬಿದ್ದು ನಕ್ಕಳು ನನ್ನ ತಂಗಿ. "ಅಯ್ಯೋ ದೇವುಡಾ! ಆ ಗೋಪುರಕ್ಕೆ ದೇವರು ನಾನು ಕಣಕ್ಕಾ, ನೀನು ಬರೀ ಭಕ್ತೆ. ಬರೋವಾಗ ನನ್ನ ಪ್ರಸಾದ ತಗೊಂಡು ಬಾ!"