ಓದದೆ ಬಿಟ್ಟ ಸಾಲು

ನನ್ನ ತಮ್ಮ ಹಾಲೇಶನಿಗೆ ಸಿಗಬೇಕಾಗಿದ್ದ ಅಂಗವೈಕಲ್ಯ ಪಿಂಚಣಿಯನ್ನು ತಪ್ಪಿಸಿದವಳು ನಾನು. ಮೂರು ವರ್ಷ ಇದನ್ನು ನುಂಗಿಕೊಂಡಿದ್ದೆ. ನುಂಗಿಕೊಂಡು ಸುಮ್ಮನೂ ಇರಲಿಲ್ಲ — ಸಿಕ್ಕಸಿಕ್ಕವರ ಮುಂದೆ ಪಿಂಚಣಿ ಕಚೇರಿಯವರನ್ನು ಬಾಯಿಗೆ ಬಂದಂತೆ ಬೈದೆ. ಚನ್ನಗಿರಿ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷ, ಸುಳ್ಳು ಹೇಳಬೇಡಿ ಎಂದು ಮಕ್ಕಳ ಕಿವಿ ಹಿಂಡಿದ ಮೇಡಂ ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಹಾಲೇಶ ಹದಿನೇಳು ವರ್ಷ ಸೇನೆಯಲ್ಲಿದ್ದ. ಗಡಿಯಲ್ಲಿ ಹಿಮ ಕುಸಿದಾಗ ಜೊತೆಗಾರರಿಬ್ಬರನ್ನು ಕೈಯಾರೆ ಅಗೆದು ತೆಗೆದ. ಇಬ್ಬರೂ ಬದುಕಿರಲಿಲ್ಲ. ಅಲ್ಲಿಂದಾಚೆ ನಿದ್ದೆಯಿಲ್ಲ, ಮಾತಿಲ್ಲ. ಖಿನ್ನತೆ ಎಂದು ಸೇನೆಯ ವೈದ್ಯರೇ ಬರೆದು ಮನೆಗೆ ಕಳಿಸಿದರು. ಆದರೆ ಕೊನೆಯಲ್ಲಿ ಒಂದು ಮಾತು ಸೇರಿಸಿದರು — ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ. ಎದೆ ಅಳೆದು, ಓಡಿಸಿ ನೋಡಿ, ಗಟ್ಟಿಮುಟ್ಟಾಗಿದ್ದಾನೆಂದೇ ಸೇರಿಸಿಕೊಂಡವರು ಇವರಲ್ಲವೇ? ಮತ್ತೆ ಎಲ್ಲಿಂದ ಬಂತಂತೆ, ನಮ್ಮ ಹಿತ್ತಲಿನಿಂದಲೇ? ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಒಂದು ಮಾತಿನಿಂದ ಸೇವಾ ಪಿಂಚಣಿಯಷ್ಟೇ ಸಿಕ್ಕಿತು, ಅಂಗವೈಕಲ್ಯದ್ದು ಸಿಗಲಿಲ್ಲ.

ಊರಿನವರೇನು ಕಡಿಮೆ? ಬಂದ ದಿನ ಬ್ಯಾನರ್ ಕಟ್ಟಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ತಿಂಗಳೊಳಗೆ ಅದೇ ಬಾಯಿಗಳು, “ಮಧ್ಯಾಹ್ನದ ತನಕ ಮಲಗಿರ್ತಾನೆ, ಕುಂತು ತಿನ್ನಾಕೆ ಪೆನ್ಶನ್ ಐತಲ್ಲ” ಎಂದವು.

ಮೇಲ್ಮನವಿಗೆ ಅವಕಾಶವಿತ್ತು. ಅದಕ್ಕೆ ಮನೆಯವರ ಹೇಳಿಕೆ ಬೇಕು — ಸೇನೆಗೆ ಸೇರುವ ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಎಂದು. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದವಳು ನಾನು.

“ನೀನೇ ಬರಿಯಕ್ಕ. ನನ್ನ ಬಗ್ಗೆ ಓದಾಕೂ ನನ್ನ ಕೈಲಿ ಆಗಲ್ಲ” ಎಂದು ಕಾಗದ ಕೊಟ್ಟ.

ಹೇಳಿಕೆಯ ಕೆಳಗೆ ಊರಿನ ಇಬ್ಬರ ಸಾಕ್ಷಿ ಸಹಿ ಬೇಕಿತ್ತು. ಅಂದರೆ ಊರಿಗೇ ಗೊತ್ತಾದಂತೆ. ಅದೇ ವಾರ ನನ್ನ ಮಗಳನ್ನು ನೋಡಲು ನ್ಯಾಮತಿಯಿಂದ ಗಂಡಿನವರು ಬರುವವರಿದ್ದರು. ನಮ್ಮ ಕಡೆ ಹೆಣ್ಣು ನೋಡುವ ಮೊದಲು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಮನೆತನ ವಿಚಾರಿಸುತ್ತಾರೆ. ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ಒಬ್ಬ ಬಾಯಿಬಿಟ್ಟರೆ ಮುಗಿಯಿತು... ನಾನು ಬರೆದೆ: “ನನ್ನ ತಮ್ಮ ಆರೋಗ್ಯವಾಗಿದ್ದಾನೆ. ಮೊದಲಿನಿಂದಲೂ ಮಾತು ಕಡಿಮೆ. ಊಟ, ನಿದ್ದೆ ಸರಿಯಾಗಿವೆ.” ದುಂಡಗಿನ ಅಕ್ಷರ, ಒಂದು ಕಾಗುಣಿತ ತಪ್ಪಿಲ್ಲ. ಸಾಕ್ಷಿಗಳಿಬ್ಬರೂ ಸಹಿ ಹಾಕಿದರು. ಲಕೋಟೆ ಅಂಟಿಸಿ ಅವನ ಕೈಗೇ ಕೊಟ್ಟೆ. ನಂಬಿ ಅಂಚೆಗೆ ಹಾಕಿ ಬಂದ.

ಗಂಡಿನವರು ಬಂದ ದಿನ ಅವನಿಗೆ ಪದಕಗಳನ್ನು ಹಾಕಿಸಿ ಪಡಸಾಲೆಯಲ್ಲಿ ಕೂರಿಸಿದೆ. ಹುಡುಗನ ಅಪ್ಪ ಖುಷಿಯಾಗಿ, “ಇಂಥ ಗಟ್ಟಿ ಆಳು ಇರೋ ಮನೆಯಿಂದ ಹೆಣ್ಣು ತರಾಕೆ ಪುಣ್ಯ ಮಾಡಿರಬೇಕು ಬಿಡ್ರಿ” ಎಂದರು. ಹಾಲೇಶ ನೆಲ ನೋಡುತ್ತಿದ್ದ. ಮದುವೆಯೂ ಆಯಿತು.

ಆಮೇಲೆ ಆದೇಶ ಬಂತು, ಇಂಗ್ಲಿಷಿನಲ್ಲಿ. ಅದನ್ನೂ ನನ್ನ ಕೈಗೇ ಕೊಟ್ಟ. ಅದರಲ್ಲಿ ಒಂದು ಸಾಲಿತ್ತು — ಅರ್ಜಿದಾರನು ಆರೋಗ್ಯವಾಗಿದ್ದಾನೆಂದು ಶಿಕ್ಷಕಿಯಾದ ಅವನ ಅಕ್ಕನೇ ಹೇಳಿದ್ದಾಳೆ. ಆ ಸಾಲನ್ನು ಬಿಟ್ಟು, ಅರ್ಜಿ ತಿರಸ್ಕರಿಸಿದ್ದಾರೆ ಎಂದಷ್ಟೇ ಓದಿ ಹೇಳಿದೆ.

“ಹಂಗಾರೆ ನಂಗೇನೂ ಆಗಿಲ್ಲ. ನಾನೇ ಮೈಗಳ್ಳ ಇರಬೇಕು” ಎಂದ.

ಮರುದಿನದಿಂದ ಮಾತ್ರೆ ಬಿಟ್ಟ. ಬಸ್ ಹತ್ತಿ ಸೂಳೆಕೆರೆಗೆ ಹೋಗಿ ಏರಿಯ ಮೇಲೆ ಕೂರತೊಡಗಿದ. ಹೋದ ತಿಂಗಳು ಮೀನು ಹಿಡಿಯುವವರಿಬ್ಬರು ಅವನ ತೋಳು ಹಿಡಿದು ಮನೆಗೆ ಕರೆತಂದರು. ಅವನ ಬಟ್ಟೆ ಎದೆಯವರೆಗೂ ಒದ್ದೆಯಾಗಿತ್ತು.

ಅವತ್ತೇ ಹೇಳಿದೆ. ಬೀರುವಿನಿಂದ ಆ ಆದೇಶ ತೆಗೆದು, ಬಿಟ್ಟಿದ್ದ ಸಾಲನ್ನು ಓದಿ, ಅದು ನಾನು ಬರೆದ ಸುಳ್ಳು ಎಂದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ಇನ್ನೊಂದು ಸಲ ಓದಿಸಿಕೊಂಡ.

“ಅಂದ್ರೆ ನಂಗೆ ಕಾಯಿಲೆ ಇರೋದು ಖರೇನ ಅಕ್ಕ? ನಾನು ಮೈಗಳ್ಳ ಅಲ್ಲ?”

“ಅಲ್ಲ ಕಣೋ” ಎಂದೆ. ಅವನು ಎದ್ದು, ಟ್ರಂಕಿನಲ್ಲಿ ಹಳೆಯ ಮಾತ್ರೆ ಚೀಟಿ ಹುಡುಕತೊಡಗಿದ.

ಹೊಸ ಹೇಳಿಕೆ ಬರೆದಿದ್ದೇನೆ — ಹಿಂದಿನದು ಸುಳ್ಳು, ಬರೆದವಳು ನಾನೇ ಎಂದು. ನ್ಯಾಮತಿಯ ಬೀಗರ ಎದುರು ನಿಂತು ಅದನ್ನು ಓದಿ ಬಂದೆ; ಅವರು ನೀರು ಕುಡಿಯಿರಿ ಎಂದೂ ಹೇಳಲಿಲ್ಲ. ನಾಳೆ ಸಾಕ್ಷಿ ಸಹಿಗಾಗಿ ಊರಿನ ಮನೆಮನೆಗೆ ಹೋಗುತ್ತೇನೆ. ಪಿಂಚಣಿ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಮೂರು ವರ್ಷ ಅವನು ಒಬ್ಬನೇ ಕೂತು ತನ್ನನ್ನು ತಾನೇ ಹೇಡಿ, ಮೈಗಳ್ಳ ಎಂದು ಬೈದುಕೊಳ್ಳುವುದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದ್ದೇನೆ. ಒಂದು ದಿನವೂ ಎದ್ದು ಹೋಗಿ ಬಾಗಿಲು ತಟ್ಟಲಿಲ್ಲ.